ಮೃದಂಗವಿಲ್ಲದ ತಾಳ

ಕೆಲಸದ ಮೇಲೆ ಬ್ಯೂನಸ್ ಐರಿಸ್‌ನಲ್ಲಿ ಎರಡು ವರ್ಷ ಇದ್ದಾಗ ನಾನು ಟ್ಯಾಂಗೋ ಕಲಿತೆ. ಮೈಸೂರಿನಲ್ಲಿ ಚಿಕ್ಕಂದಿನಿಂದ ಎಂಟು ವರ್ಷ ಹಾಡುಗಾರಿಕೆಯ ಪಾಠ ಹೇಳಿಸಿಕೊಂಡವಳಾದ್ದರಿಂದ, ಹೆಜ್ಜೆಗಳು ತಡವಾಗಿ ಬಂದರೂ ಲಯವಂತೂ ಕೈಕೊಡಲಾರದು ಎಂಬ ಧೈರ್ಯವಿತ್ತು. ಮೊದಲು ಕೈಕೊಟ್ಟದ್ದು ಲಯವೇ.

ಟ್ಯಾಂಗೋ ವಾದ್ಯಮೇಳದಲ್ಲಿ ಸಾಮಾನ್ಯವಾಗಿ ಚರ್ಮವಾದ್ಯ ಇರುವುದಿಲ್ಲ. ನರ್ತಕರು ಇಂದಿಗೂ ಬಯಸುವ ಸಂಗೀತ ಹೆಚ್ಚಾಗಿ 1930ರ ದಶಕದ ನಡುವಿನಿಂದ 1950ರ ದಶಕದವರೆಗೆ ಮುದ್ರಣಗೊಂಡದ್ದು. ಅದರಲ್ಲಿ ಪಿಟೀಲುಗಳು, ಬ್ಯಾಂಡೋನಿಯನ್‌ಗಳು, ಒಂದು ಪಿಯಾನೊ, ಒಂದು ಡಬಲ್ ಬೇಸ್ ಇರುತ್ತವೆ. ತಾಳ ಹಿಡಿಯುವ ಕೆಲಸವನ್ನು ಪಿಯಾನೊ ನುಡಿಸುವವರ ಎಡಗೈ, ಬೇಸಿನ ತಂತಿ ಮತ್ತು ಬ್ಯಾಂಡೋನಿಯನ್‌ನ ಕುಲುಕು ತಮ್ಮತಮ್ಮಲ್ಲೇ ಹಂಚಿಕೊಂಡಿರುತ್ತವೆ. ಜರ್ಮನಿಯಲ್ಲಿ ಹುಟ್ಟಿ ವಲಸಿಗರ ಕಾಲದಲ್ಲಿ ಈ ಬಂದರಿಗೆ ಬಂದ ಬ್ಯಾಂಡೋನಿಯನ್ ನಮ್ಮ ಹಾರ್ಮೋನಿಯಂನ ದೂರದ ನೆಂಟನಂತೆ ಕಂಡರೂ, ಅದರ ಒಂದೇ ಗುಂಡಿ ತಿದಿಯನ್ನು ಎಳೆಯುವಾಗ ಒಂದು ಸ್ವರವನ್ನೂ ಒತ್ತುವಾಗ ಬಹುಮಟ್ಟಿಗೆ ಇನ್ನೊಂದನ್ನೂ ಕೊಡುತ್ತದೆ. ಮೃದಂಗದ ಪೆಟ್ಟಿಗೆ ಕಾದುಕೂತ ನನ್ನ ಕಿವಿಗೆ ಈ ಮೇಳ ಮೊದಲ ವಾರಗಳಲ್ಲಿ ಬರೀ ರಾಗವಾಗಿ ಕೇಳಿಸಿತೇ ಹೊರತು ನಡೆಯಾಗಿ ಕೇಳಿಸಲಿಲ್ಲ. ನನಗೇ ಅರಿವಿಲ್ಲದೆ ಬಲಗೈ ಬೆರಳುಗಳು ತೊಡೆಯ ಮೇಲೆ ಎಣಿಕೆ ಹಾಕುತ್ತಿದ್ದವು. ಎಪ್ಪತ್ತು ದಾಟಿದ ನನ್ನ ಗುರು ಒಂದು ಸಂಜೆ ಆ ಬೆರಳುಗಳನ್ನೇ ಹಿಡಿದುಕೊಂಡು, ಎಣಿಸುವುದನ್ನು ನಿಲ್ಲಿಸಿ ನಡೆ ಎಂದರು.

ಮೊದಲ ತಿಂಗಳು ಅವರು ಕಲಿಸಿದ್ದು ನಡಿಗೆಯನ್ನು ಮಾತ್ರ. ಪ್ರವಾಸಿಗರಿಗೆ ಒಂದು ಗಂಟೆಯಲ್ಲಿ ಒಪ್ಪಿಸುವ ಎಂಟು ಹೆಜ್ಜೆಗಳ ಪಾಠ ಬೇರೆಡೆ ದಂಡಿಯಾಗಿ ಸಿಗುತ್ತಿತ್ತು. ಇವರು ಅದನ್ನು ಮುಟ್ಟಲೂ ಇಲ್ಲ. ಹಿಂಬಾಲಿಸುವವಳ ಭಾರ ಯಾವಾಗಲೂ ಪೂರ್ತಿಯಾಗಿ ಒಂದೇ ಪಾದದ ಮೇಲಿರಬೇಕು, ಏಕೆಂದರೆ ಭಾರ ಎರಡೂ ಪಾದಗಳಿಗೆ ಹಂಚಿಹೋದರೆ ಯಾವ ಕಾಲು ಬಿಡುವಾಗಿದೆ ಎಂಬುದು ಎದುರಿನವರಿಗೆ ತಿಳಿಯುವುದಿಲ್ಲ ಎಂದು ಅವರು ವಿವರಿಸಿದರು. ಮುನ್ನಡೆಸುವವರು ಕೈಯಿಂದ ತಳ್ಳುವುದಿಲ್ಲ, ಕಾಲಿನಿಂದ ತೋರಿಸುವುದೂ ಇಲ್ಲ; ಅವರ ಎದೆ ಸರಿದಾಗ ನನ್ನ ಎದೆ ಸರಿಯಬೇಕು, ಕಾಲು ಅದರ ಹಿಂದೆ ತಾನಾಗಿ ಬರಬೇಕು.

ಇದಕ್ಕೆ ಎದೆ ಎದೆಗೆ ತಾಗಬೇಕು ಎಂಬುದೇ ನನ್ನ ಎರಡನೆಯ ಕಷ್ಟ. ಬಸ್ಸಿನಲ್ಲಿ ಪಕ್ಕದ ಸೀಟಿಗೆ ಗಂಡಸರು ಬಂದರೆ ಕಿಟಕಿಗೆ ಅಂಟಿ ಕೂರುವ ಅಭ್ಯಾಸದಲ್ಲಿ ಬೆಳೆದವಳು ನಾನು. ಅಪ್ಪುಗೆಗೆ ಅಲ್ಲಿನವರು ‘ಅಬ್ರಾಸೊ’ ಎನ್ನುತ್ತಾರೆ, ಮತ್ತು ನೃತ್ಯದ ಹಿಡಿತಕ್ಕೂ ನೆಂಟರಿಷ್ಟರನ್ನು ಅಪ್ಪಿಕೊಳ್ಳುವುದಕ್ಕೂ ಅವರಲ್ಲಿ ಇರುವುದು ಇದೊಂದೇ ಮಾತು. ನಾನು ಭುಜಗಳನ್ನು ಎತ್ತಿ, ಉಸಿರು ಬಿಗಿಹಿಡಿದು, ಎಡಗೈಯನ್ನು ಜೊತೆಗಾರರ ಬೆನ್ನಿಗೆ ತಾಗಿಯೂ ತಾಗದಂತೆ ಇಡುತ್ತಿದ್ದೆ. ಸಂಕೋಚ ಕಳೆದದ್ದು ಧೈರ್ಯದಿಂದಲ್ಲ. ಕಣ್ಣು ಮುಚ್ಚಿ ಡಬಲ್ ಬೇಸನ್ನು ಮಾತ್ರ ಹಿಂಬಾಲಿಸು ಎಂದು ಗುರು ಹೇಳಿದ ದಿನ, ಎದುರಿಗಿದ್ದವರೂ ಅದನ್ನೇ ಕೇಳುತ್ತಿದ್ದಾರೆ ಎಂಬುದು ಅವರ ಉಸಿರಾಟದಿಂದಲೇ ನನಗೆ ತಿಳಿಯಿತು. ಆಮೇಲೆ ಅಪ್ಪುಗೆ ಎನ್ನುವುದು ಕೇಳಿಸಿಕೊಳ್ಳಲು ಬೇಕಾದ ಒಂದು ಅನುಕೂಲವಾಯಿತು, ಅಷ್ಟೆ.

ಮೇಳಗಳನ್ನು ಗುರುತಿಸಲು ಕಲಿತದ್ದು ಮನೆಯಲ್ಲಿ, ಅಡುಗೆ ಮಾಡುತ್ತ. ಹ್ವಾನ್ ದಾರಿಯೆನ್ಸೊ ಅವರ ಮೇಳಕ್ಕೆ ರೊಡೋಲ್ಫೊ ಬಿಯಾಜಿ 1935ರಲ್ಲಿ ಪಿಯಾನೊ ನುಡಿಸಲು ಬಂದ ಮೇಲಿನ ಹಾಡುಗಳಲ್ಲಿ ತಾಳ ಚಾಟಿಯಂತೆ ಚುರುಕಾಗಿರುತ್ತದೆ. ಸಾರಿಗೆ ಒಗ್ಗರಣೆ ಹಾಕುವ ಕೈಗೂ ಅದರ ಆತುರ ಹತ್ತಿಬಿಡುತ್ತದೆ. ಕಾರ್ಲೋಸ್ ದಿ ಸಾರ್ಲಿ ಅವರದು ಇದಕ್ಕೆ ವಿರುದ್ಧ: ಪಿಟೀಲುಗಳು ಒಂದೇ ಉಸಿರಿನಲ್ಲಿ ಹರಿಯುತ್ತಿರುವಾಗ ಅವರ ಪಿಯಾನೊ ಅಡಿಯಲ್ಲಿ ಗಂಭೀರವಾಗಿ ನಡೆಯುತ್ತದೆ. ಹೊಸಬರಿಗೆ ನಡಿಗೆ ಕಲಿಯಲು ಇದಕ್ಕಿಂತ ಒಳ್ಳೆಯ ಸಂಗೀತ ಇಲ್ಲ ಎಂದೇ ನನ್ನ ಅಭಿಪ್ರಾಯ. ಹಾಡುಗಾರಿಕೆ ಕಲಿತವಳಾದ ನನಗೆ ತೀರ ಹತ್ತಿರವಾದದ್ದು ಮಾತ್ರ ಅನಿಬಾಲ್ ತ್ರೊಯ್ಲೊ ಮೇಳದಲ್ಲಿ ಫ್ರಾನ್ಸಿಸ್ಕೊ ಫಿಯೊರೆಂತೀನೊ ಹಾಡಿದ ಮುದ್ರಣಗಳು, ಏಕೆಂದರೆ ಅಲ್ಲಿ ಗಾಯಕನೂ ಒಂದು ವಾದ್ಯದಂತೆ ತನ್ನ ಸರದಿಗೆ ಕಾದು, ಹಾಡಿ, ಹಿಂದೆ ಸರಿಯುತ್ತಾನೆ. ಒಂದೊಂದು ಹಾಡೂ ಮೂರು ನಿಮಿಷದ ಆಸುಪಾಸಿನದು. 78 ಸುತ್ತಿನ ಗ್ರಾಮಫೋನ್ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದೇ ಅಷ್ಟು.

ಆರು ತಿಂಗಳಾದ ಮೇಲೆ ಗುರು ನನ್ನನ್ನು ಮಿಲೊಂಗಾಗೆ ಕಳಿಸಿದರು. ಜನ ಕೂಡಿ ಟ್ಯಾಂಗೋ ಆಡುವ ಸಂಜೆಕೂಟಕ್ಕೆ ಆ ಹೆಸರು. ಹಳೆಯ ರೀತಿಯ ಕೂಟಗಳಲ್ಲಿ ಹೆಂಗಸರು ಒಂದು ಬದಿ, ಗಂಡಸರು ಇನ್ನೊಂದು ಬದಿ ಕೂರುತ್ತಾರೆ. ನಮ್ಮ ಕಡೆಯ ಮದುವೆ ಮನೆಯ ಚಾಪೆಯ ಮೇಲೆ ಕೂತ ಹಾಗಾಯಿತು ನನಗೆ. ಒಂದೇ ಮೇಳದ ಮೂರು ಅಥವಾ ನಾಲ್ಕು ಹಾಡು ಸೇರಿದರೆ ಒಂದು ‘ತಾಂದಾ’. ಎರಡು ತಾಂದಾಗಳ ನಡುವೆ ಅರ್ಧ ನಿಮಿಷ ಟ್ಯಾಂಗೋ ಅಲ್ಲದ ಬೇರೇನೋ ಹಾಡು ಬರುತ್ತದೆ, ಅದಕ್ಕೆ ಪರದೆ ಎಂಬ ಅರ್ಥದ ‘ಕೊರ್ತೀನಾ’ ಎಂಬ ಹೆಸರು. ಅಷ್ಟರಲ್ಲಿ ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತಾರೆ. ಯಾರೂ ಮೇಜಿನ ಬಳಿ ಬಂದು ಕೈಚಾಚಿ ಕೇಳುವುದಿಲ್ಲ. ಅಂಕಣದ ಆಚೆಯಿಂದ ನೋಟ ಕೂಡಿಸಬೇಕು, ಅವರು ತಲೆಯಾಡಿಸಬೇಕು, ಒಪ್ಪಿಗೆಯಿದ್ದರೆ ಇವಳೂ ತಲೆಯಾಡಿಸಬೇಕು. ಒಪ್ಪಿಗೆಯಿಲ್ಲದಿದ್ದರೆ ನೋಟ ಬೇರೆಡೆ ಹೊರಳಿಸಿದರಾಯಿತು, ಬಾಯಿ ಬಿಟ್ಟು ಬೇಡವೆನ್ನುವ ಕಷ್ಟವೂ ಇಲ್ಲ, ಬೇಡವೆನಿಸಿಕೊಂಡು ನಾಲ್ಕು ಜನರೆದುರು ಮರಳಿ ನಡೆಯುವ ಅವಮಾನವೂ ಇಲ್ಲ. ‘ಕಬೆಸೆಯೊ’ ಎಂಬ ಈ ಪದ್ಧತಿಯನ್ನು ಹಳತಾಯಿತೆಂದು ನಗುವವರಿದ್ದಾರೆ. ಒಂಟಿ ಹೆಂಗಸಾಗಿ ಹೋಗಿ ಕೂತವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಇನ್ನೊಂದು ಕಾಣಲಿಲ್ಲ.

ಅಂದು ಒಬ್ಬ ಹಿರಿಯರು ತಲೆಯಾಡಿಸಿದರು, ನಾನು ಎದ್ದೆ. ಮೊದಲ ಹಾಡು ಚೆನ್ನಾಗಿಯೇ ಸಾಗಿತು. ಅದು ಮುಗಿದ ಸಂತೋಷದಲ್ಲಿ ನಾನು ‘ಗ್ರಾಸಿಯಾಸ್’ ಎಂದೆ. ಅವರ ಮುಖ ಸಪ್ಪಗಾಯಿತು. ತಲೆಬಾಗಿಸಿ, ಮೊಣಕೈ ಹಿಡಿದು, ನನ್ನನ್ನು ಮೇಜಿನವರೆಗೆ ಕರೆತಂದು ಬಿಟ್ಟು ಹೋದರು. ಪಕ್ಕದ ಮೇಜಿನ ಅಜ್ಜಿ ನನ್ನತ್ತ ಬಾಗಿ, “ನೆನಾ, ಆ ಮನುಷ್ಯ ಏನು ಮಾಡಿದ?” ಎಂದು ಕೇಳಿದರು. ಮೂವತ್ತೆಂಟು ದಾಟಿದವಳನ್ನು ‘ಹುಡುಗಿ’ ಎಂದು ಕರೆದದ್ದಕ್ಕೆ ಹಿಗ್ಗಬೇಕೋ ಈ ಪ್ರಶ್ನೆಗೆ ಬೆದರಬೇಕೋ ತಿಳಿಯಲಿಲ್ಲ. ತಾಂದಾದ ನಡುವೆ ಧನ್ಯವಾದ ಹೇಳಿದರೆ ‘ಇಷ್ಟು ಸಾಕು’ ಎಂದು ಅರ್ಥವಂತೆ. ಮಾತುಮಾತಿಗೆ ಧನ್ಯವಾದ ಹೇಳುವ ರೂಢಿ ನಮ್ಮ ಮನೆಗಳಲ್ಲಿ ಎಲ್ಲಿದೆ? ಕಚೇರಿಯಲ್ಲಿ ಕಲಿತ ಆ ಹೊಸ ಮರ್ಯಾದೆಯೇ ನನಗೆ ಮುಳುವಾಯಿತು. ಆ ರಾತ್ರಿ ಇನ್ನಾರೂ ನನ್ನತ್ತ ತಲೆಯಾಡಿಸಲಿಲ್ಲ, ಮತ್ತು ನಾನು ಮೂರು ಗಂಟೆ ಕೂತು ಬರೀ ಕೇಳಿದೆ. ಅದು ನಷ್ಟವಾಯಿತೆಂದು ಈಗ ಅನಿಸುವುದಿಲ್ಲ.

ಆಮೇಲೆ ವಾರವಾರವೂ ಹೋದೆ. ಹೆಚ್ಚು ಇಷ್ಟವಾದದ್ದು ವಿಶಾ ಉರ್ಕೀಸಾ ಬಡಾವಣೆಯ ಸುಂದರ್‌ಲ್ಯಾಂಡ್ ಕ್ಲಬ್. ಅಲ್ಲಿ ಕುಣಿಯುವುದು ಬಾಸ್ಕೆಟ್‌ಬಾಲ್ ಅಂಕಣದಲ್ಲಿ. ಜೋಡಿಗಳೆಲ್ಲ ಗಡಿಯಾರಕ್ಕೆ ಎದುರು ದಿಕ್ಕಿನಲ್ಲಿ ಸುತ್ತುತ್ತ, ಮುಂದಿನವರನ್ನು ದಾಟದೆ, ಹಿಂದಿನವರನ್ನು ತಡೆಯದೆ ಸಾಗುತ್ತಾರೆ. ಹಾಡು ಶುರುವಾದ ಕೂಡಲೇ ಯಾರೂ ಹೆಜ್ಜೆ ಇಡುವುದಿಲ್ಲ; ಕೆಲವು ಸಾಲು ಮಾತಾಡಿ, ನಕ್ಕು, ಆಮೇಲೆ ಒಬ್ಬೊಬ್ಬರಾಗಿ ಅಪ್ಪುಗೆಗೆ ಬರುತ್ತಾರೆ.

ಅಲ್ಲೊಂದು ರಾತ್ರಿ ಓಸ್ವಾಲ್ದೊ ಪುಗ್ಲಿಯೇಸೆ ಅವರ ತಾಂದಾಗೆ ತೆಳ್ಳಗಿನ ವೃದ್ಧರೊಬ್ಬರು ತಲೆಯಾಡಿಸಿದರು. 1946ರಲ್ಲಿ ಮುದ್ರಣಗೊಂಡ ‘ಲಾ ಯುಂಬಾ’ ಹತ್ತಿತು. ಆ ಊರಿನವರ ಬಾಯಲ್ಲಿ ಅದು ‘ಶುಂಬಾ’, ಮತ್ತು ಆ ಮೇಳ ತಾಳವನ್ನು ಎಳೆದು ಬಿಡುವ ಸದ್ದೂ ಅದೇ: ‘ಶುಂ’ ಎಂಬಲ್ಲಿ ಭಾರ ಬಿದ್ದು, ‘ಬಾ’ ಎಂಬಲ್ಲಿ ಒಣಗುತ್ತದೆ. ಹೆಚ್ಚಿನ ಟ್ಯಾಂಗೋಗಳು ‘ಚಾನ್, ಚಾನ್’ ಎಂಬ ಎರಡು ಸ್ವರಗಳಲ್ಲಿ ಮುಗಿಯುತ್ತವೆ. ಪುಗ್ಲಿಯೇಸೆ ಎರಡನೆಯ ಚಾನನ್ನು ತಡೆದು, ಮೆಲ್ಲಗೆ, ಬಂತೋ ಇಲ್ಲವೋ ಎಂಬಂತೆ ಇಡುತ್ತಾರೆ. ಸಮಕ್ಕೆ ಬಂದು ನಿಲ್ಲುವ ಹಳೆಯ ಚಾಳಿಯಿಂದ ನಾನು ಹಾಡಿಗಿಂತ ಮೊದಲೇ ಪಾದ ಊರಿಬಿಟ್ಟೆ. ವೃದ್ಧರು ಅಲುಗಲಿಲ್ಲ. ಒಂದು ಕ್ಷಣ ಕಳೆದ ಮೇಲೆ ಆ ಸ್ವರ ಬಂತು, ಆಗ ಅವರು ಪಾದ ಕೂಡಿಸಿದರು. ಅವರು ನಕ್ಕದ್ದು ನನಗೆ ಕಿವಿಗಿಂತ ಮೊದಲು ಎದೆಯಲ್ಲಿ ತಿಳಿಯಿತು. ಮುಂದಿನ ಹಾಡಿನ ಕೊನೆಗೆ ನಾನೂ ಕಾದೆ. ಪರದೆಯ ಹಾಡು ಶುರುವಾಗಿ ಅವರು ನನ್ನನ್ನು ಮೇಜಿನವರೆಗೆ ಕರೆತಂದ ಮೇಲೆಯೇ ‘ಗ್ರಾಸಿಯಾಸ್’ ಎಂದೆ.