ನೈವಾಷಾದ ಗುಲಾಬಿ ತೋಟಕ್ಕೆ ಬಂದವರಿಗೆ: ಸಂಬಳದಲ್ಲಿ ಏನೇನು ಹಿಡೀತಾರೆ, ಯಾಕೆ

ಚಿಕ್ಕಬಳ್ಳಾಪುರದ ಪಾಲಿಹೌಸ್‌ಗಳಲ್ಲಿ ಪಳಗಿ ಕೀನ್ಯಾದ ಹೂವಿನ ತೋಟಕ್ಕೆ ಕೆಲಸಕ್ಕೆ ಬಂದವರಿಗೆ ಮೊದಲ ಗಾಬರಿ ಸಂಬಳದ ಚೀಟಿಯದು. ಊರಲ್ಲಿ ಎಷ್ಟು ಗುಲಾಬಿ ಮಾರಿದರೂ ಬೇಸಾಯದ ಆದಾಯಕ್ಕೆ ಇನ್‌ಕಮ್ ಟ್ಯಾಕ್ಸ್ ಇಲ್ಲ. ಇಲ್ಲಿ ತೋಟದ ಮಾಲೀಕರೂ ಕಟ್ಟಬೇಕು, ನೀವೂ ಕಟ್ಟಬೇಕು.

2025ರ ದರ ಹೇಳ್ತೀನಿ. ತಿಂಗಳಿಗೆ ಮೊದಲ 24,000 ಶಿಲ್ಲಿಂಗ್‌ಗೆ 10%. ಅಲ್ಲಿಂದ ಏರುತ್ತಾ 8 ಲಕ್ಷ ದಾಟಿದ ಭಾಗಕ್ಕೆ 35%. ಇದರ ಜೊತೆ ಆರೋಗ್ಯ ವಿಮೆಗೆ 2.75%, ಸರ್ಕಾರದ ಮನೆ ಯೋಜನೆಗೆ 1.5%. ಅಂದರೆ 1 ಲಕ್ಷ ಸಂಬಳವಿದ್ದರೆ ಇವೆರಡಕ್ಕೇ 4,250 ಹೋಯ್ತು. ಪಿಂಚಣಿಯ ಕಡಿತ ಬೇರೆ.

ಯಾಕಿಷ್ಟು? ಇಲ್ಲಿ ದುಡಿಯುವವರಲ್ಲಿ 80%ಕ್ಕಿಂತ ಜಾಸ್ತಿ ಜನ 'ಜುವಾ ಕಾಲಿ', ಅಂದರೆ ಲೆಕ್ಕಪತ್ರವಿಲ್ಲದ ಸಣ್ಣಪುಟ್ಟ ಕೆಲಸದವರು. ಅವರಿಂದ ವಸೂಲಿ ಕಷ್ಟ. ಹಾಗಾಗಿ ಕೈಗೆ ಸಿಗುವ ಸಂಬಳದಾರರ ಮೇಲೇ ಹೊರೆ. ಇದರಿಂದ ಕಂಪನಿಗೆ ಕಾಯಂ ಕೆಲಸಗಾರರ ಖರ್ಚು ಏರುತ್ತದೆ, ಮನೆ ಯೋಜನೆಗೆ ಮಾಲೀಕರೂ ಇನ್ನೊಂದು 1.5% ಹಾಕಬೇಕಲ್ವಾ. ದಿನಗೂಲಿಗೆ ಇಟ್ಟುಕೊಂಡರೆ ಸಾಕು ಅನ್ನಿಸುವುದು ಆಗಲೇ.

ಉಳಿದದ್ದು ಸಾಮಾನು ಕೊಳ್ಳುವಾಗ ಕಟ್ಟುವ ವ್ಯಾಟ್, 16%. ಪೆಟ್ರೋಲ್, ಡೀಸೆಲ್‌ಗೆ 8% ಇದ್ದದ್ದು 2023ರ ಜುಲೈನಲ್ಲಿ 16% ಆಯ್ತು. ಇಂಧನ ಏರಿದರೆ ಮಟಾಟು (ಇಲ್ಲಿನ ಖಾಸಗಿ ಮಿನಿಬಸ್) ಚಾರ್ಜಿನಿಂದ ಟೊಮೇಟೊವರೆಗೆ ಎಲ್ಲಕ್ಕೂ ಬಿಸಿ. 2024ರಲ್ಲಿ ಬ್ರೆಡ್‌ಗೂ ವ್ಯಾಟ್ ಹಾಕುವ ಮಾತು ಬಂತು. ಆ ಹಣಕಾಸು ಮಸೂದೆ ವಿರುದ್ಧ ಯುವಕರು ಸಂಸತ್ತಿಗೇ ನುಗ್ಗಿದರು, ಮಸೂದೆ ವಾಪಸ್ ಹೋಯಿತು.

ರಫ್ತಾಗುವ ಹೂವಿಗೆ ಮಾತ್ರ ವ್ಯಾಟ್ ಸೊನ್ನೆ. ಪ್ಯಾಕಿಂಗ್ ಡಬ್ಬಕ್ಕೆ ಕಟ್ಟಿದ ವ್ಯಾಟನ್ನೂ ತೋಟದವರು ವಾಪಸ್ ಕೇಳಬಹುದು. ಈ ಉದ್ಯಮ ಬೆಳೆಯಲು ನನ್ನ ಪ್ರಕಾರ ಇದೂ ಒಂದು ಕಾರಣ. ಆದರೆ ಆ ದುಡ್ಡು ತಡವಾಗುತ್ತದೆ ಅನ್ನೋದು ರಫ್ತುದಾರರ ಹಳೇ ಗೋಳು. ತಡವಾದಷ್ಟೂ ಹೊಸ ಗ್ರೀನ್‌ಹೌಸ್ ಮುಂದಕ್ಕೆ ಹೋಗುತ್ತದೆ.

ಇಲ್ಲಿನ ಮೊಬೈಲ್ ಹಣದ ಸೇವೆ ಎಂಪೆಸಾದಲ್ಲಿ ದುಡ್ಡು ಕಳಿಸಿದರೂ ಶುಲ್ಕದ ಮೇಲೆ ತೆರಿಗೆ ಇದೆ. ಪಕ್ಕದ ಉಗಾಂಡಾ 2018ರಲ್ಲಿ ಮೊಬೈಲ್ ಹಣಕ್ಕೇ 1% ಹಾಕಿತ್ತು. ವಹಿವಾಟು ಬಿದ್ದುಹೋಯಿತು. ಕೆಲವೇ ತಿಂಗಳಲ್ಲಿ 0.5%ಗೆ ಇಳಿಸಿ, ದುಡ್ಡು ತೆಗೆಯುವಾಗ ಮಾತ್ರ ಅಂದರು.

ಇನ್ನು ನಿಮ್ಮ ಕೆಲಸ. ಬಂದ ಕೂಡಲೇ ಕೆಆರ್‌ಎ (ಕೀನ್ಯಾದ ತೆರಿಗೆ ಇಲಾಖೆ) ಕೊಡುವ ಪಿನ್, ಅಂದರೆ ನಮ್ಮ ಪ್ಯಾನ್ ಥರದ ನಂಬರ್, ಮಾಡಿಸಿಕೊಳ್ಳಿ. ಇಲ್ಲಿ ತೆರಿಗೆ ವರ್ಷ ಜನವರಿಯಿಂದ ಡಿಸೆಂಬರ್. ನಮ್ಮ ಫಾರ್ಮ್ 16ರ ಥರದ ಪಿ9 ಚೀಟಿಯನ್ನು ಕಂಪನಿಯಿಂದ ಕೇಳಿ ಪಡೆದು, ಜೂನ್ 30ರೊಳಗೆ ರಿಟರ್ನ್ ಹಾಕಿ. ಆದಾಯವೇ ಇಲ್ಲದಿದ್ದರೂ ಪಿನ್ ಇದ್ದರೆ ಸೊನ್ನೆ ರಿಟರ್ನ್ ಹಾಕಲೇಬೇಕು, ತಪ್ಪಿದರೆ ಕನಿಷ್ಠ 2,000 ಶಿಲ್ಲಿಂಗ್ ದಂಡ. ಊರಿನ ಮನೆ ಬಾಡಿಗೆ ತೆರಿಗೆ ಮಿತಿ ದಾಟಿದರೆ ಭಾರತದಲ್ಲೂ ರಿಟರ್ನ್ ಹಾಕಬೇಕು.