ಹಾಯಿದೋಣಿಯ ರಜೆ ಮುಗಿಸಿ ಮನೆಗೆ: ಅನಕೋರ್ಟಿಸ್‌ನಿಂದ ಸ್ಪೋಕ್ಯಾನ್ ತನಕ

ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಯಾನ್ ವಾನ್ ದ್ವೀಪಗಳಲ್ಲಿ ರಜೆ ಕಳೆದು ದೋಣಿಯನ್ನು ಟ್ರೇಲರಿನ ಮೇಲೆ ಸ್ಪೋಕ್ಯಾನ್‌ಗೆ ಎಳೆದು ತರುವ ಕೆಲಸ ನನಗೆ ಹಿಂದಿನ ದಿನವೇ ಶುರು. ಕಾರಣ ರೊಸಾರಿಯೊ ಜಲಸಂಧಿ. ಗಾಳಿಯೂ ಉಬ್ಬರ-ಇಳಿತದ ಸೆಳೆತವೂ ಎದುರುಬದುರಾದರೆ ಅಲ್ಲಿ ಒತ್ತೊತ್ತಾಗಿ ಕಡಿದಾದ ಅಲೆಗಳು ಏಳುತ್ತವೆ. ಕೊನೆಯ ದಿನ ಗಡಿಯಾರ ನೋಡಿಕೊಂಡು ಅದನ್ನು ದಾಟುವುದು ನನಗಾಗದು. ಹಾಗಾಗಿ ಸೆಳೆತ ತಗ್ಗಿರುವ ಹೊತ್ತಿನಲ್ಲಿ ದಾಟಿ, ಸೈಪ್ರಸ್ ದ್ವೀಪದ ಪೂರ್ವಕ್ಕಿರುವ ಸೈಪ್ರಸ್ ಹೆಡ್‌ನಲ್ಲಿ ರಾತ್ರಿ ಕಳೆಯುತ್ತೇವೆ. ಬೆಳಿಗ್ಗೆ ಅಲ್ಲಿಂದ ಅನಕೋರ್ಟಿಸ್‌ನ ವಾಷಿಂಗ್ಟನ್ ಪಾರ್ಕ್‌ನಲ್ಲಿರುವ, ದೋಣಿಯನ್ನು ನೀರಿಗಿಳಿಸುವ-ಎತ್ತುವ ಇಳಿಜಾರಾದ ರ‍್ಯಾಂಪ್‌ಗೆ ದಾರಿ ಹತ್ತಿರ.

ಎಷ್ಟು ಹೊತ್ತಿಗೆ ಹೊರಡಬೇಕೆಂದು ಹೇಳುವುದು ಉಬ್ಬರ-ಇಳಿತದ ಪಟ್ಟಿ. ಇಲ್ಲಿ ಎರಡರ ನಡುವಿನ ಅಂತರ ಕೆಲವು ದಿನ 10 ಅಡಿ ಮೀರುತ್ತದೆ. ಅದರಲ್ಲೂ ಬೇಸಿಗೆಯ ಅತಿ ತಗ್ಗಿನ ಇಳಿತ ಬರುವುದು ನಡುಹಗಲಿಗೆ, ಅಂದರೆ ತಿಂಡಿ ಮುಗಿಸಿ ನಿಧಾನಕ್ಕೆ ಹೊರಟವರು ರ‍್ಯಾಂಪ್ ತಲುಪುವ ಹೊತ್ತಿಗೇ! ಆಗ ರ‍್ಯಾಂಪಿನ ಕೆಳತುದಿಯ ಪಾಚಿಯ ಮೇಲೆ ಟೈರ್ ಜಾರುತ್ತದೆ. ನಮ್ಮ ಹಾಯಿದೋಣಿ ಕ್ಯಾಟಲೀನಾ 22, ಕೀಲ್ (ದೋಣಿಯ ಅಡಿಯಲ್ಲಿರುವ ಭಾರದ ಅಲಗು) ಮೇಲೆತ್ತಿದರೂ 2 ಅಡಿ ನೀರು ಕೇಳುತ್ತದೆ, ಟ್ರೇಲರಿನ ಎತ್ತರ ಬೇರೆ. ಸಾಧಾರಣ ಮೋಟಾರು ದೋಣಿಯವರಿಗೆ ಸಾಕಾಗುವ ಆಳ ನಮಗೆ ಸಾಲದು. ನೀರು ಏರುತ್ತಿರುವಾಗ ಹೋಗುವುದೇ ಸರಿ. ತಡವಾದರೂ ಆಳ ಹೆಚ್ಚುತ್ತಿರುತ್ತದೆ.

ಟ್ರೇಲರ್ ಹಿಮ್ಮುಖ ಬಿಡುವಾಗ ನಾನು ಸ್ಟೀರಿಂಗನ್ನು ಕೆಳಗಡೆ ಹಿಡಿಯುತ್ತೇನೆ. ಕೈ ಯಾವ ಕಡೆಗೆ ಹೋದರೆ ಟ್ರೇಲರೂ ಆ ಕಡೆಗೇ. ದೋಣಿಯಲ್ಲಿ ನಿಂತ ಹೆಂಡತಿ 'ಸಾಕು, ಸಾಕು!' ಎಂದು ಕನ್ನಡದಲ್ಲಿ ಕೂಗಿದರೆ ನಿಲ್ಲಿಸು ಎಂದರ್ಥ. ರ‍್ಯಾಂಪಿನ ಗದ್ದಲದಲ್ಲಿ ಇನ್ನಾರೋ ಕೂಗಿದ್ದೆಂಬ ಗೊಂದಲವಿಲ್ಲ. ದೋಣಿಯ ಮೂತಿ ಟ್ರೇಲರಿನ ಮುಂದಿನ ಕಂಬಕ್ಕೆ ತಾಗುವವರೆಗೆ ವಿಂಚಿನಿಂದ ಎಳೆದು, ಸರಪಳಿ ಹಾಕಿದ ಮೇಲೆಯೇ ಗಾಡಿ ಮೇಲಕ್ಕೆ. ಪಕ್ಕದಲ್ಲೇ ಫೆರಿಗಳು ಓಡಾಡುವುದರಿಂದ ಅಲೆ ಬಂದಾಗ ದೋಣಿ ಟ್ರೇಲರಿನ ಮೇಲೆ ವಾಲುತ್ತದೆ. ಮೇಲೆ ಬಂದಮೇಲೆ ಅದು ನಡುವಿಗೆ ಕೂತಿದೆಯೇ ಎಂದು ಹಿಂದೆ ನಿಂತು ನೋಡುತ್ತೇನೆ. ಇಲ್ಲವಾದರೆ ಮತ್ತೆ ನೀರಿಗಿಳಿಸುವುದೇ.

ಮಾಸ್ಟ್ (ಹಾಯಿ ಕಟ್ಟುವ ಕಂಬ) ಇಳಿಸುವುದು ರ‍್ಯಾಂಪಿನಲ್ಲಲ್ಲ, ಪಾರ್ಕಿಂಗಿನ ಬದಿಯಲ್ಲಿ. ಅಲ್ಲಿಗೆ ಎಳೆಯುವ ಮುಂಚೆ ತಲೆಯೆತ್ತಿ ಕರೆಂಟ್ ತಂತಿ ನೋಡಲೇಬೇಕು. 25 ಅಡಿಯ ಅಲ್ಯೂಮಿನಿಯಂ ಕಂಬ, ದೋಣಿ-ಟ್ರೇಲರಿನ ಎತ್ತರ ಬೇರೆ. ತಂತಿಗೆ ತಗುಲಿದರೆ ಜೀವಕ್ಕೇ ಅಪಾಯ. ಮಾಸ್ಟನ್ನು ಮುಂದಕ್ಕೆ ಬಿಗಿದಿಡುವ ತಂತಿ, ಅಂದರೆ ಮುಂದಿನ ಸ್ಟೇ ಬಿಚ್ಚಿ, ಹಾಯಿಯ ಕೆಳಗಿನ ಅಡ್ಡಕೋಲಾದ ಬೂಮನ್ನೇ ಸನ್ನೆಕೋಲು ಮಾಡಿಕೊಂಡು ಹಗ್ಗ ಸಡಿಲಿಸುತ್ತ ಮಾಸ್ಟನ್ನು ಹಿಂದಕ್ಕೆ ಮಲಗಿಸುತ್ತೇನೆ. ಪಿನ್ನುಗಳನ್ನು ಬಿಚ್ಚಿದ ಜಾಗಕ್ಕೇ ತಿರುಗಿ ಸಿಕ್ಕಿಸಿಬಿಡುವುದು ನನ್ನ ಅಭ್ಯಾಸ. ಡಬ್ಬದಲ್ಲಿ ಹಾಕಿಟ್ಟದ್ದು ಮುಂದಿನ ವರ್ಷ ಸಿಗುವುದಿಲ್ಲ.

ಕೀಲನ್ನು ಟ್ರೇಲರಿನ ಆಧಾರದ ಮೇಲೆ ಕೂರಿಸಬೇಕು. 550 ಪೌಂಡಿನ ಕಬ್ಬಿಣ ದಾರಿಯುದ್ದಕ್ಕೂ ಕೇಬಲ್ಲಿಗೆ ಜೋತಾಡಬಾರದು. ಪಾಚಿ, ಕಡಲಕಳೆ ಕಿತ್ತು, ಒಳಗಿನ ನೀರು ಬಸಿದೇ ಹೊರಡಬೇಕು, ಈ ರಾಜ್ಯದಲ್ಲಿ ಅದು ಕಾನೂನು. ಟ್ರೇಲರಿನ ಬ್ರೇಕುಗಳಿಗೆ ಸಿಹಿನೀರು ಹೊಯ್ಯುವುದನ್ನು ಮನೆಗೆ ಹೋಗಿ ಮಾಡೋಣ ಎಂದು ನಾನು ಬಿಡುವುದಿಲ್ಲ.

ಮನೆಗೆ ಸುಮಾರು 350 ಮೈಲಿ. ಸ್ನೋಕ್ವಾಲ್ಮಿ ಕಣಿವೆದಾರಿ 3,022 ಅಡಿ ಎತ್ತರದಲ್ಲಿದೆ. ಏರು ಶುರುವಾಗುವ ಮುನ್ನ ನಾರ್ತ್ ಬೆಂಡ್‌ನಲ್ಲಿ ನಿಲ್ಲಿಸಿ ಚಕ್ರದ ಹಬ್‌ಗಳನ್ನು ಮುಟ್ಟುತ್ತೇನೆ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಷ್ಟು ಸುಡುತ್ತಿದ್ದರೆ ಬೇರಿಂಗ್ ಹೋಗುತ್ತಿದೆ. ದೋಣಿಯನ್ನು ಕಟ್ಟಿದ ಪಟ್ಟಿಗಳನ್ನೂ ಅಲ್ಲೇ ಬಿಗಿಯುತ್ತೇನೆ. ಮೊದಲ ಐವತ್ತು ಅರವತ್ತು ಮೈಲಿಗೆ ಅವು ಸಡಿಲಾಗಿರುತ್ತವೆ.

ನನಗೆ ಕಣಿವೆದಾರಿಗಿಂತ ಭಯ ಎಲೆನ್ಸ್‌ಬರ್ಗ್ ದಾಟಿದ ಮೇಲೆ. ರೈಗ್ರಾಸ್ ದಿಬ್ಬದಿಂದ ವ್ಯಾಂಟೇಜಿನ ಕೊಲಂಬಿಯಾ ನದಿಯವರೆಗೆ ಉದ್ದನೆಯ ಇಳಿಜಾರು, ಸೇತುವೆಯ ಮೇಲೆ ಅಡ್ಡಗಾಳಿ. ಇಳಿಯುವ ಮುನ್ನವೇ ಗೇರ್ ಇಳಿಸುತ್ತೇನೆ, ಬ್ರೇಕನ್ನು ಬಿಟ್ಟುಬಿಟ್ಟು ಒತ್ತುತ್ತೇನೆ. ಟ್ರೇಲರ್ ಓಲಾಡದಿರಲು ಅದರ ಒಟ್ಟು ತೂಕದ ಶೇ. 10ರಿಂದ 15ರಷ್ಟು ಕೊಂಡಿಯ ಮೇಲಿರಬೇಕು. ಅದಕ್ಕೇ ಲಂಗರು, ನೀರಿನ ಕ್ಯಾನುಗಳನ್ನು ದೋಣಿಯ ಹಿಂಭಾಗದಲ್ಲಿ ತುಂಬುವುದಿಲ್ಲ.

ಮರುದಿನ ಹಾಯಿಗಳನ್ನು ಸಿಹಿನೀರಲ್ಲಿ ಜಾಲಿಸಿ ಗ್ಯಾರೇಜಿನಲ್ಲಿ ಹರಡುತ್ತೇವೆ. ಉಪ್ಪು ಉಳಿದರೆ ಬಟ್ಟೆ ತೇವ ಹೀರುತ್ತಲೇ ಇರುತ್ತದೆ. ಔಟ್‌ಬೋರ್ಡ್ ಎಂಜಿನ್ನನ್ನು ಸಿಹಿನೀರಿನ ಡ್ರಮ್ಮಿನಲ್ಲಿ ಓಡಿಸಿ ತೊಳೆಯುತ್ತೇನೆ. ಆಮೇಲೆ ಹಬ್ ಬಿಚ್ಚಿ ಗ್ರೀಸ್ ನೋಡುತ್ತೇನೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ. ಹಳೆಯ ಗ್ರೀಸ್ ತೆಗೆದು ಸೀಲ್ ಬದಲಿಸುವ ಕೆಲಸವನ್ನು ಚಳಿಗಾಲಕ್ಕೆ ಮುಂಚೆಯೇ ಮುಗಿಸುತ್ತೇನೆ.