ವಿಂಡೋಸ್‌ನಲ್ಲಿ ಜಿಸಿಸಿ: ನಾನು ಹಾಕಿಕೊಳ್ಳುವ ಕ್ರಮ

ವಿಂಡೋಸ್ 10 ಅಥವಾ 11 ಇರುವ 64 ಬಿಟ್ ಪಿಸಿಯಲ್ಲಿ ಸಿ, ಸಿ++ ಕೆಲಸಕ್ಕೆ ನಾನು ಹಾಕಿಕೊಳ್ಳುವುದು ಎಂಎಸ್‌ವೈಎಸ್2 ಎಂಬ ಸಾಧನಗಳ ಕಟ್ಟು. ಜಿಸಿಸಿ ಕಂಪೈಲರ್, ಜಿಡಿಬಿ ಡೀಬಗರ್, ಹಲವು ಫೈಲ್‌ಗಳಿಂದ ಪ್ರೋಗ್ರಾಂ ಕಟ್ಟಿಸುವ ಮೇಕ್, ಸಿಮೇಕ್ ಎಲ್ಲವೂ ಒಂದೇ ಕಡೆಯಿಂದ, ಒಂದಕ್ಕೊಂದು ಹೊಂದುವ ಆವೃತ್ತಿಗಳಲ್ಲಿ ಸಿಗುತ್ತವೆ. ದುಡ್ಡು ಬೇಡ, ಲೈಸೆನ್ಸ್ ಕೀ ಬೇಡ. ಜಿಸಿಸಿ ಇರುವುದು ಸೋರ್ಸ್ ಕೊಡಬೇಕೆನ್ನುವ ಜಿಪಿಎಲ್ ಲೈಸೆನ್ಸ್ ಅಡಿಯಲ್ಲಾದರೂ, ನಮ್ಮ ಪ್ರೋಗ್ರಾಮಿಗೆ ಸೇರಿಕೊಳ್ಳುವ ಅದರ ರನ್‌ಟೈಮ್ ಲೈಬ್ರರಿಗೆ ಪ್ರತ್ಯೇಕ ವಿನಾಯಿತಿ ಇದೆ. ಹಾಗಾಗಿ ಅದರಿಂದ ಕಟ್ಟಿದ ನಮ್ಮ ಪ್ರೋಗ್ರಾಮನ್ನು ಸೋರ್ಸ್ ಕೊಡದೆಯೂ ಮಾರಬಹುದು.

ಆಜ್ಞೆಗಳನ್ನು ಇಲ್ಲಿ ಉಚ್ಚಾರದಂತೆ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ; ದೊಡ್ಡಕ್ಷರ ಬೇಕಾದಲ್ಲಿ ಹೇಳಿದ್ದೇನೆ.

ಇನ್‌ಸ್ಟಾಲರ್ ಕೇಳುವ ಜಾಗವನ್ನು ಬದಲಿಸಬೇಡಿ. ಸಿ ಡ್ರೈವಿನ ಬುಡದಲ್ಲಿ ಎಂಎಸ್‌ವೈಎಸ್64 ಎಂಬ ಫೋಲ್ಡರ್ ಅದು ತಾನೇ ಸೂಚಿಸುತ್ತದೆ, ಅದೇ ಸರಿ. ಹೆಸರಿನ ನಡುವೆ ಜಾಗ (ಸ್ಪೇಸ್) ಇರುವ, ಕನ್ನಡ ಅಕ್ಷರ ಇರುವ ಫೋಲ್ಡರ್‌ಗಳಲ್ಲಿ ಈ ಸಾಧನಗಳು ಎಡವುತ್ತವೆ. ನಮ್ಮ ಪ್ರಾಜೆಕ್ಟಿಗೂ ಇದೇ ಮಾತು: ಮೇಕ್‌ಗೆ ಜಾಗವಿರುವ ಹೆಸರು ಎರಡು ಬೇರೆ ಫೈಲ್‌ಗಳಂತೆ ಕಾಣುತ್ತದೆ. ನಾನು ಸಿ ಡ್ರೈವಿನಲ್ಲೇ ವರ್ಕ್ ಎಂಬ ಫೋಲ್ಡರ್ ಮಾಡಿ ಎಲ್ಲವನ್ನೂ ಅದರೊಳಗೆ ಇಡುತ್ತೇನೆ. ಮೂರ್ನಾಲ್ಕು ಜಿಬಿ ಖಾಲಿ ಇರಲಿ.

ಇನ್‌ಸ್ಟಾಲ್ ಆದಮೇಲೆ ಸ್ಟಾರ್ಟ್ ಮೆನುವಿನಲ್ಲಿ ಒಂದಲ್ಲ, ಹಲವು ಟರ್ಮಿನಲ್‌ಗಳು ಕಾಣುತ್ತವೆ: ಎಂಎಸ್‌ವೈಎಸ್, ಮಿಂಗ್‌ಡಬ್ಲ್ಯೂ64, ಯುಸಿಆರ್‌ಟಿ64, ಕ್ಲ್ಯಾಂಗ್64. ಹೆಚ್ಚಿನವರು ದಾರಿ ತಪ್ಪುವುದೇ ಇಲ್ಲಿ. ತೆರೆಯಬೇಕಾದದ್ದು ಯುಸಿಆರ್‌ಟಿ64. ವಿಂಡೋಸ್ 10ರಿಂದ ಸಿಸ್ಟಂ ಜೊತೆಗೇ ಬರುವ ಹೊಸ ಸಿ ಲೈಬ್ರರಿಗೆ ಇದು ಕೊಂಡಿ ಹಾಕುತ್ತದೆ. ಮಿಂಗ್‌ಡಬ್ಲ್ಯೂ64 ಬಳಸುವುದು ಎಂಎಸ್‌ವಿಸಿಆರ್‌ಟಿ ಎಂಬ ಹಳೆಯ ಸಿ ಲೈಬ್ರರಿಯನ್ನು. ಪ್ರಾಂಪ್ಟಿನಲ್ಲಿ ಯುಸಿಆರ್‌ಟಿ64 ಎಂದೇ ಬರೆದಿರುತ್ತದೆ, ಒಮ್ಮೆ ಕಣ್ಣಾಡಿಸಿ ಮುಂದುವರಿಯಿರಿ.

ಪ್ಯಾಕೇಜುಗಳನ್ನು ತಂದು ಹಾಕುವ ಪ್ರೋಗ್ರಾಮಿನ ಹೆಸರು ಪ್ಯಾಕ್‌ಮ್ಯಾನ್. ಮೊದಲ ಆಜ್ಞೆ ಅಪ್‌ಡೇಟ್: ಪ್ಯಾಕ್‌ಮ್ಯಾನ್, ಜಾಗ (ಸ್ಪೇಸ್), ಹೈಫನ್, ದೊಡ್ಡ ಎಸ್, ಸಣ್ಣ ವೈ, ಸಣ್ಣ ಯು. ಮೂಲ ಪ್ಯಾಕೇಜುಗಳು ಬದಲಾದರೆ ಎಲ್ಲ ಕಿಟಕಿಗಳನ್ನೂ ಮುಚ್ಚುತ್ತೇನೆ ಎನ್ನುತ್ತದೆ. ವೈ ಒತ್ತಿ, ಮುಚ್ಚಲಿ. ಮತ್ತೆ ತೆರೆದು ಅದೇ ಆಜ್ಞೆ ಇನ್ನೊಮ್ಮೆ ಕೊಡಬೇಕು, ಉಳಿದ ಪ್ಯಾಕೇಜುಗಳು ಆಗ ಬರುತ್ತವೆ. ನಡುವೆ ಕರೆಂಟ್ ಹೋದರೆ ಮುಂದಿನ ಸಲ ಡೇಟಾಬೇಸ್ ಲಾಕ್ ಆಗಿದೆ ಎಂಬ ದೂರು ಬರುತ್ತದೆ. ಬೇರೆ ಪ್ಯಾಕ್‌ಮ್ಯಾನ್ ಓಡುತ್ತಿಲ್ಲ ಎಂದು ಖಚಿತಪಡಿಸಿಕೊಂಡು ಎಂಎಸ್‌ವೈಎಸ್64ರಲ್ಲಿ ವಾರ್, ಅದರೊಳಗೆ ಲಿಬ್, ಅದರೊಳಗೆ ಪ್ಯಾಕ್‌ಮ್ಯಾನ್ ಫೋಲ್ಡರಿನೊಳಗಿನ ಡಿಬಿ.ಎಲ್‌ಸಿಕೆ ಫೈಲನ್ನು ಅಳಿಸಿದರೆ ಸಾಕು.

ಈಗ ಕಂಪೈಲರ್. ಪ್ಯಾಕ್‌ಮ್ಯಾನ್, ಜಾಗ, ಹೈಫನ್, ದೊಡ್ಡ ಎಸ್, ಜಾಗ, ನಂತರ ಪ್ಯಾಕೇಜ್ ಹೆಸರು: ಮಿಂಗ್‌ಡಬ್ಲ್ಯೂ-ಡಬ್ಲ್ಯೂ64-ಯುಸಿಆರ್‌ಟಿ-ಎಕ್ಸ್86_64-ಟೂಲ್‌ಚೈನ್. ಯಾವುದು ಬೇಕು ಎಂದು ಪಟ್ಟಿ ತೋರಿಸಿ ಕೇಳಿದಾಗ ಎಂಟರ್ ಒತ್ತಿದರೆ ಎಲ್ಲವೂ ಬರುತ್ತವೆ. ಇಷ್ಟುದ್ದದ ಹೆಸರು ಯಾಕೆ ಎಂದು ಬರೀ ಜಿಸಿಸಿ ಎಂದು ಕೊಟ್ಟರೂ ಒಂದು ಜಿಸಿಸಿ ಬರುತ್ತದೆ, ಆದರೆ ಅದು ಬೇರೆ. ಅದರಿಂದ ಕಟ್ಟಿದ ಪ್ರೋಗ್ರಾಂ ಎಂಎಸ್‌ವೈಎಸ್-2.0 ಎಂಬ ಡಿಎಲ್‌ಎಲ್ (ಪ್ರೋಗ್ರಾಂ ಓಡುವಾಗ ಬೇಕಾಗುವ ಲೈಬ್ರರಿ ಫೈಲ್) ಇಲ್ಲದ ಕಡೆ ಓಡುವುದಿಲ್ಲ.

ವಿಂಡೋಸ್‌ನ ಸಾಮಾನ್ಯ ಕಮಾಂಡ್ ಪ್ರಾಂಪ್ಟಿನಿಂದಲೂ ಜಿಸಿಸಿ ಕರೆಯಬೇಕೆಂದರೆ ಪಾತ್, ಅಂದರೆ ವಿಂಡೋಸ್ ಪ್ರೋಗ್ರಾಂಗಳನ್ನು ಹುಡುಕುವ ಫೋಲ್ಡರ್‌ಗಳ ಪಟ್ಟಿ, ಸರಿಮಾಡಬೇಕು. ಸೆಟ್‌ಎಕ್ಸ್ ಆಜ್ಞೆ ಬೇಡವೇ ಬೇಡ: ಅದು 1024 ಅಕ್ಷರ ದಾಟಿದ್ದನ್ನು ಕತ್ತರಿಸಿಬಿಡುತ್ತದೆ, ಹಳೆಯ ಪಾತ್ ಹಾಳಾಗುತ್ತದೆ. ಸ್ಟಾರ್ಟ್‌ನಲ್ಲಿ ಎನ್ವಿರಾನ್‌ಮೆಂಟ್ ಎಂದು ಹುಡುಕಿ, ನಮ್ಮ ಖಾತೆಯ ವೇರಿಯಬಲ್‌ಗಳ ಪುಟ ತೆರೆದು, ಪಾತ್‌ಗೆ ಹೊಸ ಸಾಲಾಗಿ ಎಂಎಸ್‌ವೈಎಸ್64, ಯುಸಿಆರ್‌ಟಿ64, ಬಿನ್ ಎಂಬ ದಾರಿ ಸೇರಿಸುತ್ತೇನೆ. ಯುಎಸ್ಆರ್ ಒಳಗಿನ ಬಿನ್ ಫೋಲ್ಡರನ್ನು ಸೇರಿಸುವುದಿಲ್ಲ. ಅಲ್ಲಿ ಫೈಂಡ್, ಸಾರ್ಟ್, ಲಿಂಕ್ ಎಂಬ ಹೆಸರಿನ ಬೇರೆ ಪ್ರೋಗ್ರಾಂಗಳಿವೆ. ವಿಷುಯಲ್ ಸ್ಟುಡಿಯೋದ ಲಿಂಕರಿಗೂ ವಿಂಡೋಸ್ ಆಜ್ಞೆಗಳಿಗೂ ಅವು ಅಡ್ಡ ಬರಬಹುದು.

ಮೊದಲೇ ತೆರೆದಿದ್ದ ಕಿಟಕಿಗೆ ಹೊಸ ಪಾತ್ ತಿಳಿಯುವುದಿಲ್ಲ. ಹೊಸದನ್ನು ತೆರೆದು ವೇರ್ ಜಿಸಿಸಿ ಎಂದು ಕೇಳಿ, ಜಿಸಿಸಿ ಯಾವ ಫೋಲ್ಡರಿನಲ್ಲಿದೆ ಎಂದು ಹೇಳುತ್ತದೆ. ಪವರ್‌ಶೆಲ್‌ನಲ್ಲಿ ವೇರ್ ಎಂದರೆ ಬೇರೆಯೇ ಆಜ್ಞೆ, ಅಲ್ಲಿ ವೇರ್.ಇಎಕ್ಸ್‌ಇ ಎಂದು ಪೂರ್ತಿ ಬರೆಯಬೇಕು. ಉತ್ತರದಲ್ಲಿ ಎರಡು ಸಾಲು ಬಂದರೆ ಎಚ್ಚರ. ಸ್ಟ್ರಾಬೆರಿ ಪರ್ಲ್, ಕೋಡ್‌ಬ್ಲಾಕ್ಸ್, ಡೆವ್-ಸಿ++ ಇವುಗಳ ಜೊತೆಗೂ ಜಿಸಿಸಿ ಬರುತ್ತದೆ, ಮತ್ತು ಸಿಸ್ಟಂ ಪಾತ್ ನಮ್ಮ ಖಾತೆಯ ಪಾತ್‌ಗಿಂತ ಮುಂಚೆ ಓದಲ್ಪಡುತ್ತದೆ. ಕಂಪೈಲ್ ಸರಿಯಾಗಿ ಆಗಿ, ಓಡಿಸುವಾಗ ಲಿಬ್‌ಎಸ್‌ಟಿಡಿಸಿ++-6 ಡಿಎಲ್‌ಎಲ್‌ನಲ್ಲಿ ಎಂಟ್ರಿ ಪಾಯಿಂಟ್ ಸಿಗಲಿಲ್ಲ ಎಂದರೆ ಹೆಚ್ಚಾಗಿ ಇದೇ ಕಾರಣ: ಕಟ್ಟಿದ್ದು ಒಂದು ಜಿಸಿಸಿ, ಡಿಎಲ್‌ಎಲ್ ಸಿಕ್ಕಿದ್ದು ಇನ್ನೊಂದರದ್ದು. ಯಾವ ಜಿಸಿಸಿ ಓಗೊಡುತ್ತಿದೆ ಎಂಬುದು ಗೊತ್ತಾಗದೆ ಕೋಡ್ ತಿದ್ದಲು ಹೋಗಬಾರದು.

ಕಂಪೈಲ್ ಮಾಡುವಾಗ ನಾನು ಯಾವಾಗಲೂ ಎಚ್ಚರಿಕೆಗಳನ್ನು ತೋರಿಸುವ ವಾಲ್, ಡಬ್ಲ್ಯೂಎಕ್ಸ್‌ಟ್ರಾ, ಡೀಬಗರಿಗೆ ಬೇಕಾದ ಜಿ ಈ ಮೂರು ಆಯ್ಕೆಗಳನ್ನು ಮುಂದೆ ಹೈಫನ್ ಹಾಕಿ ಕೊಡುತ್ತೇನೆ. ಮೊದಲ ಎರಡರಲ್ಲಿ ಡಬ್ಲ್ಯೂ ದೊಡ್ಡಕ್ಷರ. ಎಚ್ಚರಿಕೆಗಳನ್ನು ಓದುವ ಅಭ್ಯಾಸ ಮೊದಲ ದಿನದಿಂದಲೇ ಆಗಬೇಕು. ಬೇರೆ ಪಿಸಿಗೆ ಕೊಡುವ ಪ್ರೋಗ್ರಾಮಿಗೆ ಲೈಬ್ರರಿಗಳನ್ನು ಒಳಗೇ ಸೇರಿಸುವ ಹೈಫನ್ ಸ್ಟ್ಯಾಟಿಕ್ ಆಯ್ಕೆ ಕೊಡಿ, ಇಲ್ಲವಾದರೆ ಅಲ್ಲಿ ಲಿಬ್‌ವಿನ್‌ಪಿಥ್ರೆಡ್-1ರಂಥ ಡಿಎಲ್‌ಎಲ್ ಇಲ್ಲ ಎಂದು ನಿಲ್ಲಬಹುದು. ವಿನ್‌ಮೇನ್ ಸಿಗಲಿಲ್ಲ ಎಂದು ಲಿಂಕರ್ ಹೇಳಿದರೆ ಮೇನ್ ಫಂಕ್ಷನ್ ಇಲ್ಲ, ಅಥವಾ ಫೈಲ್ ಸೇವ್ ಆಗಿಲ್ಲ. ಔಟ್‌ಪುಟ್ ಫೈಲಿಗೆ ಪರ್ಮಿಷನ್ ಡಿನೈಡ್ ಎಂದರೆ ಹಳೆಯ ಪ್ರೋಗ್ರಾಂ ಇನ್ನೂ ಓಡುತ್ತಿದೆ.

ನಮ್ಮ ಕಾಲೇಜುಗಳಲ್ಲಿ ಟರ್ಬೋ ಸಿ ಕಲಿತವರು ಹಳೆಯ ಲ್ಯಾಬ್ ಪ್ರೋಗ್ರಾಮನ್ನು ಹಾಗೇ ತಂದರೆ ಅದು ಓಡುವುದಿಲ್ಲ. ಕೊನಿಯೊ ಹೆಡರ್ ಇಲ್ಲಿಯೂ ಇದೆ, ಗೆಟ್‌ಸಿಎಚ್ ಕೆಲಸ ಮಾಡುತ್ತದೆ, ಆದರೆ ಪರದೆ ಒರೆಸುವ ಸಿಎಲ್‌ಆರ್‌ಎಸ್‌ಸಿಆರ್ ಇಲ್ಲ. ಆ ಸಾಲು ತೆಗೆದುಬಿಡಿ. ವಾಯ್ಡ್ ಮೇನ್ ಅನ್ನು ಇಂಟ್ ಮೇನ್ ಮಾಡಿ. ಐಯೋಸ್ಟ್ರೀಮ್ ಹೆಸರಿನ ಕೊನೆಯ ಡಾಟ್ ಎಚ್ ತೆಗೆದು ಸ್ಟ್ಯಾಂಡರ್ಡ್ ನೇಮ್‌ಸ್ಪೇಸ್ ಬಳಸಿ. ಟರ್ಬೋ ಸಿಯಲ್ಲಿ ಇಂಟ್ ಎರಡು ಬೈಟ್, 32767 ದಾಟಿದರೆ ಋಣಸಂಖ್ಯೆಗೆ ತಿರುಗುತ್ತಿತ್ತು. ಇಲ್ಲಿ ನಾಲ್ಕು ಬೈಟ್. ಲಾಂಗ್ ಕೂಡ ವಿಂಡೋಸ್‌ನಲ್ಲಿ ನಾಲ್ಕೇ ಬೈಟ್, 64 ಬಿಟ್ ಲಿನಕ್ಸ್‌ನಲ್ಲಿ ಎಂಟು. ಅಳತೆ ಮುಖ್ಯವಾದಲ್ಲಿ ಎಸ್‌ಟಿಡಿಇಂಟ್ ಹೆಡರಿನ ನಿಗದಿತ ಗಾತ್ರದ ಬಗೆಗಳನ್ನೇ ಬಳಸಬೇಕು.

ಫೈಲ್‌ಗಳು ನಾಲ್ಕೈದಾದರೆ ಮೇಕ್ ಬೇಕು. ಈ ಟೂಲ್‌ಚೈನ್‌ನಲ್ಲಿ ಅದರ ಹೆಸರು ಮಿಂಗ್‌ಡಬ್ಲ್ಯೂ32-ಮೇಕ್. 64 ಬಿಟ್‌ನಲ್ಲೂ ಇದೇ ಹೆಸರು. ಮೇಕ್‌ಫೈಲ್‌ನಲ್ಲಿ ಆಜ್ಞೆಯ ಸಾಲು ಟ್ಯಾಬ್‌ನಿಂದಲೇ ಆರಂಭವಾಗಬೇಕು. ಎಡಿಟರ್ ಅದನ್ನು ಸ್ಪೇಸ್‌ಗಳಾಗಿ ಬದಲಿಸಿದ್ದರೆ ಮಿಸ್ಸಿಂಗ್ ಸೆಪರೇಟರ್ ಎಂದು ನಿಲ್ಲುತ್ತದೆ. ಕಟ್ಟಿದ ಫೈಲ್‌ಗಳನ್ನು ಅಳಿಸುವ ಕ್ಲೀನ್ ಗುರಿಯಲ್ಲಿ ಆರ್‌ಎಂ ಆಜ್ಞೆ ಬರೆದಿದ್ದರೆ ಯುಸಿಆರ್‌ಟಿ64 ಟರ್ಮಿನಲ್‌ನಲ್ಲಿ ನಡೆಯುತ್ತದೆ, ಕಮಾಂಡ್ ಪ್ರಾಂಪ್ಟ್‌ನಲ್ಲಿ ಕ್ರಿಯೇಟ್‌ಪ್ರಾಸೆಸ್ ದೋಷ ಬರುತ್ತದೆ, ಏಕೆಂದರೆ ಅಲ್ಲಿ ಆರ್‌ಎಂ ಎಂಬುದೇ ಇಲ್ಲ. ಆದ್ದರಿಂದ ಬಿಲ್ಡ್ ಎಲ್ಲವನ್ನೂ ಯುಸಿಆರ್‌ಟಿ64ರಲ್ಲೇ ನಡೆಸುತ್ತೇನೆ.

ಕನ್ನಡ ಮುದ್ರಿಸಬೇಕಾದರೆ ಸೋರ್ಸ್ ಫೈಲನ್ನು ಯುಟಿಎಫ್-8ರಲ್ಲಿ ಸೇವ್ ಮಾಡಿ, ಕಮಾಂಡ್ ಪ್ರಾಂಪ್ಟನ್ನೂ ಯುಟಿಎಫ್-8ಕ್ಕೆ ತಿರುಗಿಸಲು ಮೊದಲು ಸಿಎಚ್‌ಸಿಪಿ 65001 ಕೊಡಿ. ಹಾಗಿದ್ದೂ ಹಳೆಯ ಕನ್ಸೋಲ್ ಕಿಟಕಿಯಲ್ಲಿ ಒತ್ತಕ್ಷರ ಕೂಡಿ ಬರುವುದಿಲ್ಲ. ಅದು ಪ್ರೋಗ್ರಾಮಿನ ದೋಷವಲ್ಲ. ಔಟ್‌ಪುಟ್ಟನ್ನು ಫೈಲಿಗೆ ಕಳಿಸಿ ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಸರಿಯಾಗಿ ಕಾಣುತ್ತದೆ. ಪದದ ಉದ್ದ ಹೇಳುವ ಎಸ್‌ಟಿಆರ್‌ಲೆನ್ ಎಣಿಸುವುದು ಬೈಟ್‌ಗಳನ್ನು: ‘ಕನ್ನಡ’ ಎಂಬುದರಲ್ಲಿ ಐದು ಕೋಡ್‌ಪಾಯಿಂಟ್ (ಕ, ನ, ವಿರಾಮ ಚಿಹ್ನೆ ್, ನ, ಡ), ತಲಾ ಮೂರು ಬೈಟ್, ಒಟ್ಟು 15. ಕ್ಯಾರ್ ಅರೇ ಇಡುವಾಗ ಕೊನೆಯ ಸೊನ್ನೆಗೂ ಸೇರಿ 16 ಲೆಕ್ಕ ಹಾಕಿ.